ಕಡಲಿಲ್ಲದ ಊರಿನ ನೌಕಾದಳ

ಕೆನಡಾದ ಕ್ಯಾಲ್ಗರಿ ನಗರ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ನಮ್ಮ ಬೆಂಗಳೂರಿಗಿಂತ ತುಸು ಎತ್ತರ. ಅಲ್ಲಿಂದ ರಾಕಿ ಪರ್ವತಗಳನ್ನು ದಾಟಿ ವ್ಯಾಂಕೂವರಿನ ಕಡಲಂಚು ಮುಟ್ಟಲು ಸುಮಾರು ಸಾವಿರ ಕಿಲೋಮೀಟರ್ ರಸ್ತೆ ಸವೆಸಬೇಕು. ದನಗಾಹಿಗಳಿಗೂ ಎಣ್ಣೆ ಕಂಪನಿಗಳಿಗೂ ಹೆಸರಾದ ಈ ಊರಿನಲ್ಲಿ ಕೆನಡಾ ನೌಕಾದಳದ ಒಂದು 'ಹಡಗು' ಇದೆ. ಹೆಸರು ಎಚ್‌ಎಂಸಿಎಸ್ ಟೆಕಮ್ಸೆ. ಅದು ತೇಲುವ ಹಡಗಲ್ಲ, ಒಂದು ಕಟ್ಟಡ. ಮೀಸಲು ನೌಕಾಪಡೆಯ ಸ್ಥಳೀಯ ಘಟಕದ ನೆಲೆ. ವಿದ್ಯಾರ್ಥಿಗಳು, ಶಿಕ್ಷಕರು, ಲೆಕ್ಕಪತ್ರದವರು, ಎಲೆಕ್ಟ್ರಿಷಿಯನ್ನರು ತಮ್ಮ ದಿನದ ದುಡಿಮೆ ಮುಗಿಸಿ ವಾರಕ್ಕೊಂದು ಸಂಜೆ ಇಲ್ಲಿಗೆ ಬಂದು ಸಮವಸ್ತ್ರ ತೊಡುತ್ತಾರೆ. ತಿಂಗಳಲ್ಲಿ ಒಂದೋ ಎರಡೋ ವಾರಾಂತ್ಯ ತರಬೇತಿಗೆ ಮೀಸಲು, ಬೇಸಿಗೆಯಲ್ಲಿ ಕರಾವಳಿಯ ನೆಲೆಗಳಲ್ಲಿ ಪೂರ್ಣಾವಧಿ ಕಲಿಕೆ. ಇಂಥ 24 ಘಟಕಗಳು ಆ ದೇಶದ ಉದ್ದಗಲಕ್ಕೂ ಹರಡಿವೆ. ಸಸ್ಕಟೂನ್, ರೆಜೈನಾ, ಎಡ್ಮಂಟನ್, ವಿನಿಪೆಗ್‌ನಂಥ ಬಯಲುಸೀಮೆಯ ಊರುಗಳಲ್ಲೂ ಇವೆ. ಗೋಧಿ ಬೆಳೆಯುವ ನಾಡಿನಲ್ಲಿ ನಾವಿಕರಿಗೇನು ಕೆಲಸ ಎಂದು ನಗುವುದು ಸುಲಭ, ಕೆನಡಾದವರೇ ನಕ್ಕಿದ್ದಾರೆ. ಆದರೆ ನೂರು ವರ್ಷದ ಲೆಕ್ಕ ತೆಗೆದು ನೋಡಿದರೆ ಆ ದೇಶದ ನೌಕಾದಳ ಬದುಕಿ ಉಳಿದದ್ದರಲ್ಲಿ ಈ ಒಳನಾಡಿನ ಕಟ್ಟಡಗಳ ಪಾಲು ಹಡಗುಗಳ ಪಾಲಿಗಿಂತ ಸಣ್ಣದೇನಲ್ಲ. ಈ ಘಟಕಗಳು ಸೊರಗಿದ್ದು, ಅವನ್ನು ಬರೀ ಆಳು ಒದಗಿಸುವ ಕಚೇರಿಗಳೆಂದು ಸರ್ಕಾರ ಬಗೆದ ಕಾಲದಲ್ಲಿ.

ಕತೆ ಶುರುವಾಗುವುದು ದುಡ್ಡಿಲ್ಲದ ಕಾಲದಲ್ಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಕೆನಡಾಕ್ಕೆ ಯುದ್ಧದ ಮಾತೇ ಬೇಡವಾಗಿತ್ತು. 1922ರಲ್ಲಿ ಸರ್ಕಾರ ನೌಕಾದಳದ ವಾರ್ಷಿಕ ಅನುದಾನವನ್ನು 25 ಲಕ್ಷ ಡಾಲರಿನಿಂದ 15 ಲಕ್ಷಕ್ಕೆ ಇಳಿಸಿತು. ಆಗ ನೌಕಾಸೇವೆಯ ನಿರ್ದೇಶಕನಾಗಿದ್ದವನು ವಾಲ್ಟರ್ ಹೋಸ್, ಬ್ರಿಟಿಷ್ ನೌಕಾದಳದಿಂದ ಬಂದವನು, ಹುಟ್ಟಿದ್ದೂ ಸಮುದ್ರದ ಮೇಲೆ, ಹಡಗಿನಲ್ಲಿ. ಅವನ ಮುಂದೆ ಎರಡು ದಾರಿಗಳಿದ್ದವು. ಇರುವ ಹಣದಲ್ಲಿ ಅರೋರಾ ಎಂಬ ಕ್ರೂಸರನ್ನು ಹೇಗೋ ನಡೆಸಿಕೊಂಡು ಹೋಗಿ ನೌಕಾದಳ ಇದೆ ಎಂದು ತೋರಿಸುವುದು ಒಂದು. ದೊಡ್ಡ ಹಡಗಿನ ಆಸೆ ಬಿಟ್ಟು ಜನರಲ್ಲಿ ಹಣ ಹೂಡುವುದು ಇನ್ನೊಂದು. ಹೋಸ್ ಎರಡನೆಯದನ್ನು ಹಿಡಿದ. ಕ್ರೂಸರೂ ಎರಡು ಜಲಾಂತರ್ಗಾಮಿಗಳೂ ಸೇವೆಯಿಂದ ಹೋದವು, ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ನೌಕಾ ಕಾಲೇಜು ಮುಚ್ಚಿತು, ಉಳಿದದ್ದು ಎರಡು ಡಿಸ್ಟ್ರಾಯರ್‌ಗಳು ಮತ್ತು ಕೆಲವು ಟ್ರಾಲರ್‌ಗಳು. ಮಿಗಿಸಿದ ಹಣದಿಂದ 1923ರ ಜನವರಿಯಲ್ಲಿ ಸ್ವಯಂಸೇವಕ ಮೀಸಲು ನೌಕಾಪಡೆ ಹುಟ್ಟಿತು. ಮಂಜೂರಾದ ಬಲ ಕೇವಲ ಒಂದು ಸಾವಿರ ಜನ. ದೊಡ್ಡ ಊರಿಗೆ ನೂರು ಜನರ ಒಂದು ಕಂಪನಿ, ಸಣ್ಣ ಊರಿಗೆ ಐವತ್ತು ಜನರ ಅರೆ ಕಂಪನಿ. ಕ್ಯಾಲ್ಗರಿಯ ಪಾಲಿಗೆ ಬಂದದ್ದು ಅಂಥ ಅರೆ ಕಂಪನಿ; ಈಗಿನ ಟೆಕಮ್ಸೆಯ ಬೇರು ಅಲ್ಲಿದೆ.

ಹೋಸ್‌ನ ಲೆಕ್ಕಾಚಾರದಲ್ಲಿ ಯುದ್ಧತಂತ್ರದಷ್ಟೇ ರಾಜಕೀಯವೂ ಇತ್ತು ಎಂಬುದನ್ನು ಮರೆಯಬಾರದು. ಹ್ಯಾಲಿಫ್ಯಾಕ್ಸ್ ಮತ್ತು ಎಸ್ಕ್ವೈಮಾಲ್ಟ್ ಎಂಬ ಎರಡು ಬಂದರುಗಳು ದೇಶದ ಎರಡು ತುದಿಗಳಲ್ಲಿವೆ. ನಡುವಿನ ಸಾವಿರಾರು ಕಿಲೋಮೀಟರ್ ನೆಲದಲ್ಲಿ ಬಹುಪಾಲು ಜನ, ಬಹುಪಾಲು ಮತದಾರರು, ಬಹುಪಾಲು ಸಂಸದರು. ತನ್ನ ಜೀವನದಲ್ಲಿ ಒಬ್ಬ ನಾವಿಕನನ್ನೂ ಕಾಣದ ರೈತ ನೌಕಾದಳಕ್ಕೆ ತೆರಿಗೆ ಕೊಡುವುದಾದರೂ ಯಾಕೆ? ಅವನ ಊರಿನಲ್ಲೇ ಒಂದು ಕವಾಯತು ಮನೆ ಇದ್ದು, ಅವನ ಮಗನೋ ಅಳಿಯನೋ ಅಲ್ಲಿ ಹಗ್ಗದ ಗಂಟು ಹಾಕುವುದನ್ನೂ ಮೋರ್ಸ್ ಸಂಕೇತವನ್ನೂ ಕಲಿತು ಬೇಸಿಗೆಯಲ್ಲಿ ಎರಡು ವಾರ ಕಡಲಿಗೆ ಹೋಗಿ ಬಂದರೆ ನೌಕಾದಳ ಆ ಮನೆಯ ಊಟದ ಮಾತಾಗುತ್ತದೆ. 1933ರಲ್ಲಿ, ಆರ್ಥಿಕ ಕುಸಿತದ ನಡುವೆ, ಭೂಸೇನೆಯ ಮುಖ್ಯಸ್ಥ ಮೆಕ್‌ನಾಟನ್ ನೌಕಾದಳದ ಬಾಬತ್ತಿನಿಂದಲೇ ಸುಮಾರು 20 ಲಕ್ಷ ಡಾಲರ್ ಕಡಿಯಬಹುದು ಎಂದಾಗ ನೌಕಾದಳವೇ ಮುಚ್ಚಿಹೋಗುವ ಹಂತಕ್ಕೆ ಬಂದಿತ್ತು. ಖಜಾನೆಯ ಮುಂದೆ ಹೋಸ್ ಜಗಳವಾಡಿ ಅದನ್ನು ತಪ್ಪಿಸಿದ. ಮುಚ್ಚದೆ ಉಳಿದದ್ದರ ಕೀರ್ತಿಯನ್ನೆಲ್ಲ ಊರೂರಿನ ಘಟಕಗಳಿಗೆ ಕೊಡಲು ನಾನು ಸಿದ್ಧನಿಲ್ಲ. ಆ ಗೆಲುವು ಅವನ ಹಟದ್ದು. ಆದರೆ ಹತ್ತು ವರ್ಷದ ಹಿಂದೆ ಒಂದು ಕ್ರೂಸರಿಗೆ ಅಂಟಿಕೊಂಡಿದ್ದರೆ ಉಳಿಸಿಕೊಳ್ಳಲು ಅವನ ಕೈಯಲ್ಲಿ ಎರಡು ಬಂದರುಗಳಾಚೆ ಏನೂ ಇರುತ್ತಿರಲಿಲ್ಲ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂದಾಗ ಕಾಯಂ ಮತ್ತು ಮೀಸಲು ಸೇರಿ ನೌಕಾದಳದಲ್ಲಿದ್ದವರು ಸುಮಾರು 3,500 ಜನ. ಹೇಳಿಕೊಳ್ಳುವಂಥ ಹಡಗುಗಳೆಂದರೆ ಆರು ಡಿಸ್ಟ್ರಾಯರ್‌ಗಳು. ಯುದ್ಧ ಮುಗಿಯುವ ಹೊತ್ತಿಗೆ ಆ ಸಂಖ್ಯೆ ಒಂದು ಲಕ್ಷದ ಹತ್ತಿರ ಹೋಗಿತ್ತು. ಅವರಲ್ಲಿ ಬಹುಪಾಲು ಜನ ಸ್ವಯಂಸೇವಕ ಮೀಸಲು ಪಡೆಯ ಹೆಸರಿನಲ್ಲಿ ಸೇರಿದವರು, ಊರೂರಿನ ಘಟಕಗಳ ಬಾಗಿಲಿನಿಂದ ಒಳಹೊಕ್ಕವರು. ಅವರ ಅಧಿಕಾರಿಗಳ ತೋಳಿನ ಚಿನ್ನದ ಪಟ್ಟಿ ನೇರವಾಗಿರದೆ ಅಲೆಅಲೆಯಾಗಿರುತ್ತಿತ್ತು, ಕಾಯಂ ನೌಕರರಿಂದ ಬೇರೆಯಾಗಿ ಕಾಣಲೆಂದು. 1941ರ ನವೆಂಬರ್ 1ರಂದು ಈ ಘಟಕಗಳನ್ನೆಲ್ಲ ವಿಧಿವತ್ತಾಗಿ ಹಡಗುಗಳೆಂದೇ ಸೇವೆಗೆ ಸೇರಿಸಿ ಹಡಗಿನ ಹೆಸರು ಕೊಟ್ಟರು: ಕ್ಯಾಲ್ಗರಿಗೆ ಟೆಕಮ್ಸೆ, ವಿನಿಪೆಗ್‌ಗೆ ಚಿಪ್ಪವಾ, ಸಸ್ಕಟೂನಿಗೆ ಯೂನಿಕಾರ್ನ್. ಇದು ಆಟವೆಂದು ತೋರಬಹುದು. ಕಟ್ಟಡದ ನೆಲವನ್ನು ಡೆಕ್ ಎನ್ನುವುದು, ಅಡುಗೆಮನೆಯನ್ನು ಗ್ಯಾಲಿ ಎನ್ನುವುದು, ಬೀದಿಗೆ ಹೊರಟರೆ ದಡಕ್ಕೆ ಹೋಗುತ್ತೇನೆ ಎನ್ನುವುದು ಹೊರಗಿನವರಿಗೆ ನಗು ತರಿಸಿದರೆ ಆಶ್ಚರ್ಯವಿಲ್ಲ. ಆದರೆ ಇದರ ಹಿಂದೆ ಬ್ರಿಟಿಷ್ ನೌಕಾ ಕಾನೂನಿನ ಹಳೆಯ ತರ್ಕವಿದೆ: ನೌಕಾ ಶಿಸ್ತಿನ ಕಟ್ಟಳೆ ಅನ್ವಯಿಸಬೇಕಾದರೆ ನಾವಿಕ ಯಾವುದಾದರೂ ಹಡಗಿನ ಪಟ್ಟಿಯಲ್ಲಿ ಇರಬೇಕಿತ್ತು. ನೆಲದ ಮೇಲಿರುವವನಿಗೂ ಒಂದು ಹಡಗು ಬೇಕಾಯಿತು. ಅಗತ್ಯ ಮರೆಯಾದರೂ ರೂಢಿ ಉಳಿಯಿತು, ಮತ್ತು ಸಂಜೆ ಏಳಕ್ಕೆ ಬಂದು ಹತ್ತಕ್ಕೆ ಮನೆಗೆ ಹೋಗುವವನಿಗೆ ತಾನು ನಾವಿಕ ಎಂಬ ಭಾವ ಬರಿಸಲು ಆ ರೂಢಿ ಈಗಲೂ ಸಾಕಷ್ಟು ಕೆಲಸ ಮಾಡುತ್ತದೆ.

ಆ ಬಾಗಿಲಿನಿಂದ ಹೋದವರು ಎಲ್ಲೆಲ್ಲಿ ತಲುಪಿದರು ಎಂಬುದಕ್ಕೆ ಒಂದು ಹೆಸರು ಸಾಕು. ಬ್ರಿಟಿಷ್ ಕೊಲಂಬಿಯಾದ ನೆಲ್ಸನ್ ಎಂಬ ಬೆಟ್ಟದೂರಿನಲ್ಲಿ ಬೆಳೆದ ರಾಬರ್ಟ್ ಹ್ಯಾಂಪ್ಟನ್ ಗ್ರೇ 1940ರಲ್ಲಿ ಕ್ಯಾಲ್ಗರಿಯ ಘಟಕದಲ್ಲಿ ಹೆಸರು ಬರೆಸಿದ. ನೌಕಾ ವೈಮಾನಿಕನಾಗಿ ತರಬೇತಿ ಪಡೆದು ಬ್ರಿಟನ್ನಿನ ವಿಮಾನವಾಹಕ ಫಾರ್ಮಿಡಬಲ್‌ನಿಂದ ಹಾರುತ್ತಿದ್ದವನು 1945ರ ಆಗಸ್ಟ್ 9ರಂದು ಜಪಾನಿನ ಒನಗಾವಾ ಕೊಲ್ಲಿಯಲ್ಲಿ ಅಮಕುಸಾ ಎಂಬ ಬೆಂಗಾವಲು ಹಡಗನ್ನು ಮುಳುಗಿಸಿ ಅದೇ ದಾಳಿಯಲ್ಲಿ ಸತ್ತ. ಎರಡನೇ ಮಹಾಯುದ್ಧದಲ್ಲಿ ಕೆನಡಾ ನೌಕಾದಳದವನೊಬ್ಬನಿಗೆ ಸಿಕ್ಕ ಒಂದೇ ಒಂದು ವಿಕ್ಟೋರಿಯಾ ಕ್ರಾಸ್ ಅವನದು. ಇನ್ನು ಹಡಗುಗಳ ಮಾತು. ಬ್ರಿಟಿಷರು ಕಾರ್ವೆಟ್ ಎಂಬ ಸಣ್ಣ ಬೆಂಗಾವಲು ಹಡಗುಗಳಿಗೆ ಹೂವಿನ ಹೆಸರಿಟ್ಟರೆ ಕೆನಡಾದವರು ಊರುಗಳ ಹೆಸರಿಟ್ಟರು. ಕ್ಯಾಲ್ಗರಿ ಎಂಬ ಕಾರ್ವೆಟ್ 1943ರ ನವೆಂಬರ್ 20ರಂದು ಸ್ನೋಬೆರಿ ಎಂಬ ಮತ್ತೊಂದು ಕಾರ್ವೆಟ್ ಮತ್ತು ಬ್ರಿಟನ್ನಿನ ನೆನೆ ಎಂಬ ಫ್ರಿಗೇಟ್ ಜತೆ ಸೇರಿ ಯು-536 ಜಲಾಂತರ್ಗಾಮಿಯನ್ನು ಮುಳುಗಿಸಿತು. ಕೆನಡಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು ಬರಬೇಕಿದ್ದ ಜರ್ಮನ್ ಅಧಿಕಾರಿಗಳನ್ನು ಕರೆದೊಯ್ಯಲು ಎರಡು ತಿಂಗಳ ಹಿಂದೆ ಅದೇ ದೇಶದ ತೀರಕ್ಕೆ ಕದ್ದು ಬಂದು ಬರಿಗೈಲಿ ಹೋಗಿದ್ದ ಜಲಾಂತರ್ಗಾಮಿ ಅದು. ಊರಿನವರು ತಮ್ಮ ಹೆಸರಿನ ಹಡಗನ್ನು ದತ್ತು ತೆಗೆದುಕೊಂಡಂತೆ ಅದರ ಸಿಬ್ಬಂದಿಗೆ ಉಣ್ಣೆಯ ಬಟ್ಟೆ, ಪುಸ್ತಕ, ತಿಂಡಿ ಕಳಿಸುತ್ತಿದ್ದರು. ಹೋಸ್ ಬಯಸಿದ್ದ ನಂಟು ಇದೇ.

ಇಲ್ಲಿಗೆ ಬಂದಾಗ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ, ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಅಪ್ರಾಮಾಣಿಕತೆ. ಸಂಜೆ ಹೊತ್ತು ಕಲಿತ ನಾವಿಕರು ನಿಜವಾದ ಸಮುದ್ರದಲ್ಲಿ ಹೇಗೆ ನಡೆದುಕೊಂಡರು? ಮೊದಮೊದಲು ಚೆನ್ನಾಗೇನೂ ಅಲ್ಲ. 1941ರ ಸೆಪ್ಟೆಂಬರಿನಲ್ಲಿ ಎಸ್‌ಸಿ 42 ಎಂಬ ಸರಕು ಹಡಗುಗಳ ಸಾಲನ್ನು ಗ್ರೀನ್‌ಲ್ಯಾಂಡ್ ಬಳಿ ಜರ್ಮನ್ ಜಲಾಂತರ್ಗಾಮಿಗಳು ಮುತ್ತಿದಾಗ ಕಾವಲಿಗಿದ್ದದ್ದು ಕೆನಡಾದ ಒಂದು ಡಿಸ್ಟ್ರಾಯರ್ ಮತ್ತು ಮೂರು ಕಾರ್ವೆಟ್‌ಗಳು. ಹದಿನಾರು ಸರಕು ಹಡಗುಗಳು ಹೋದವು. ಹೊಸದಾಗಿ ನೆರವಿಗೆ ಬಂದ ಚಾಂಬ್ಲಿ ಮತ್ತು ಮೂಸ್ ಜಾ ಎಂಬ ಕಾರ್ವೆಟ್‌ಗಳು ಯು-501ನ್ನು ಹಿಡಿದು ಮುಳುಗಿಸಿದವು ಎಂಬುದಷ್ಟೇ ಸಮಾಧಾನ. ಮೂಸ್ ಜಾ ಕೂಡ ಬಯಲುಸೀಮೆಯ ಊರೊಂದರ ಹೆಸರು. ಆ ಜಲಾಂತರ್ಗಾಮಿಯ ನಾಯಕ ತನ್ನ ಸಿಬ್ಬಂದಿಯನ್ನು ಬಿಟ್ಟು ನೇರ ಮೂಸ್ ಜಾದ ಡೆಕ್‌ಗೇ ನೆಗೆದು ಶರಣಾದ ವಿಚಿತ್ರ ಘಟನೆಯಿಂದ ಆ ಹಡಗು ನೆನಪಿನಲ್ಲಿ ಉಳಿದಿದೆ. 1942ರ ಕೊನೆಯಲ್ಲಿ ಒಎನ್‌ಎಸ್ 154ರ ಸಾಲಿನಲ್ಲಿ ಮತ್ತೆ ಹದಿನಾಲ್ಕು ಸರಕು ಹಡಗುಗಳು ಮುಳುಗಿದವು. ಬ್ರಿಟಿಷ್ ನೌಕಾ ಕಚೇರಿ ಬೇಸತ್ತು, ಕೆನಡಾದ ಬೆಂಗಾವಲು ತಂಡಗಳನ್ನು 1943ರ ಆರಂಭದಲ್ಲಿ ನಡು ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿ ಮತ್ತೆ ತರಬೇತಿಗೆ ಕೂರಿಸಿತು. ಕೆನಡಾಕ್ಕೆ ಇದೊಂದು ಅವಮಾನವಾಗಿತ್ತು.

ಹೀಗಿದ್ದ ಮೇಲೆ ಮೀಸಲು ಪಡೆಯ ಕಲ್ಪನೆಯೇ ಸೋತಿತು ಎನ್ನಬೇಕೆ? ನನಗೆ ಹಾಗೆ ಅನ್ನಿಸುವುದಿಲ್ಲ. ಹೆಪ್ಪು ಒಳ್ಳೆಯದಿದ್ದರೂ ಒಂದು ಚಮಚವನ್ನು ಹಂಡೆ ಹಾಲಿಗೆ ಹಾಕಿದರೆ ಮೊಸರಾಗುವುದಿಲ್ಲ. ಯುದ್ಧಕ್ಕೆ ಮುಂಚೆ ಸಂಜೆಗಳಲ್ಲಿ ಕಲಿತು ಪಳಗಿದವರು ಸಾವಿರ ಎರಡು ಸಾವಿರದ ಲೆಕ್ಕದಲ್ಲಿದ್ದರು. ಅವರು ಕಾಯಂ ನಾವಿಕರ ಜತೆ ಸೇರಿ ನೂರಾರು ಹೊಸ ಹಡಗುಗಳಿಗೆ ಹಂಚಿಹೋದರು. ಉಳಿದ ಜಾಗಗಳನ್ನು ತುಂಬಿದವರು ಕೆಲವೇ ವಾರಗಳ ಹಿಂದೆ ನೇಗಿಲನ್ನೋ ಲೆಡ್ಜರನ್ನೋ ಬಿಟ್ಟು ಬಂದವರು. ಅವರ ಹಡಗುಗಳಲ್ಲಿ ಬ್ರಿಟಿಷ್ ಹಡಗುಗಳಲ್ಲಿದ್ದಂಥ ಹೊಸ ರೇಡಾರ್ ಇರಲಿಲ್ಲ, ಎಷ್ಟೋ ಹಡಗುಗಳಲ್ಲಿ ಗೈರೊ ದಿಕ್ಸೂಚಿಯೂ ಇರಲಿಲ್ಲ. ಒಂದೇ ತಂಡವಾಗಿ ಅಭ್ಯಾಸ ಮಾಡಲು ಬಿಡುವೂ ಸಿಗಲಿಲ್ಲ. ಹಾಗಾಗಿ 1941-42ರ ಸೋಲು ಮೀಸಲು ಪಡೆ ತೀರಾ ಚಿಕ್ಕದಾಗಿತ್ತು, ಹಸಿವಿನಲ್ಲಿ ಬೆಳೆದಿತ್ತು ಎಂಬುದಕ್ಕೆ ಸಾಕ್ಷಿ. ಸಲಕರಣೆ ಬಂದು, ಕಲಿಯಲು ಸಮಯ ಸಿಕ್ಕ ಮೇಲೆ ಅದೇ ಜನ ಏನಾದರು ಎಂಬುದನ್ನೂ ನೋಡಬೇಕು. 1943ರ ಏಪ್ರಿಲ್ ಕೊನೆಗೆ ವಾಯವ್ಯ ಅಟ್ಲಾಂಟಿಕ್‌ನ ಇಡೀ ಹೊಣೆ ಕೆನಡಾದ ಅಡ್ಮಿರಲ್ ಲಿಯೊನಾರ್ಡ್ ಮರೆಯ ಕೈಗೆ ಬಂತು. 1944ರ ಹೊತ್ತಿಗೆ ಉತ್ತರ ಅಟ್ಲಾಂಟಿಕ್‌ನ ಸರಕು ಸಾಲುಗಳ ಹತ್ತಿರದ ಕಾವಲು ಹೆಚ್ಚುಕಡಿಮೆ ಪೂರ್ತಿಯಾಗಿ ಕೆನಡಾದವರದೇ ಆಗಿತ್ತು. ಈ ಕಲಿಕೆಗೆ ಸುಮಾರು ಎರಡು ಸಾವಿರ ನಾವಿಕರ ಜೀವ ತೆರಬೇಕಾಯಿತು ಎಂಬುದು ನಿಜ. ಆ ಸಾವುಗಳಲ್ಲಿ ಕೆಲವಾದರೂ ಶಾಂತಿಕಾಲದ ಜಿಪುಣತನದ ಲೆಕ್ಕಕ್ಕೆ ಸೇರಬೇಕು.

ಯುದ್ಧದ ನಂತರ ಬಂದ ಆಕ್ಷೇಪ ಬೇರೆ ಬಗೆಯದು. ಅಣುಬಾಂಬಿನ ಕಾಲದಲ್ಲಿ ಯುದ್ಧ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ, ಜನರನ್ನು ಸೇರಿಸಿ ಕಲಿಸಿ ಕಳಿಸಲು ವೇಳೆ ಎಲ್ಲಿದೆ ಎಂಬುದು. ಕಾಗದದ ಮೇಲೆ ಈ ವಾದಕ್ಕೆ ಉತ್ತರವಿರಲಿಲ್ಲ, 1964ರಲ್ಲಿ ಸರ್ಕಾರ ಅದನ್ನು ಒಪ್ಪಿಯೂ ಬಿಟ್ಟಿತು. ಎಡ್ಮಂಟನ್‌ನ ನಾನ್‌ಸಚ್, ರೆಜೈನಾದ ಕ್ವೀನ್, ಆಂಟೇರಿಯೊದ ಲಂಡನ್ ನಗರದ ಪ್ರೆವೋಸ್ಟ್ ಮುಚ್ಚಿದವು. ಉಳಿತಾಯದ ಲೆಕ್ಕ ಸರಿಯಾಗಿಯೇ ಇದ್ದಿರಬೇಕು. ಆದರೆ 1975ರಲ್ಲಿ ಮೊದಲೆರಡನ್ನೂ 1990ರಲ್ಲಿ ಮೂರನೆಯದನ್ನೂ ಮತ್ತೆ ತೆರೆಯಬೇಕಾಯಿತು. ಅಷ್ಟರಲ್ಲಿ ಹಳಬರು ಚದುರಿದ್ದರು, ಕಲಿಸುವವರನ್ನು ಹೊರಗಿನಿಂದ ತರಬೇಕಿತ್ತು, ಊರಿನ ಒಂದು ಇಡೀ ತಲೆಮಾರಿಗೆ ಅಲ್ಲಿ ಒಂದು ನೌಕಾ ಘಟಕ ಇತ್ತೆಂಬುದೇ ಗೊತ್ತಿರಲಿಲ್ಲ. ಮುಚ್ಚುವುದು ಒಂದು ಆದೇಶದ ಕೆಲಸ, ತೆರೆಯುವುದು ವರ್ಷಗಳ ಕೆಲಸ. 1980ರ ದಶಕದಲ್ಲಂತೂ ಸರ್ಕಾರ ಪೂರ್ತಿ ತಿರುಗಿತು: ಮೀಸಲು ಪಡೆಯ ಕೇಂದ್ರ ಕಚೇರಿ 1983ರಲ್ಲಿ ಕ್ವಿಬೆಕ್ ನಗರಕ್ಕೆ ಹೋಯಿತು, ಆ ಪ್ರಾಂತದ ಟ್ರಾ ರಿವಿಯೆರ್, ರಿಮೂಸ್ಕಿ, ಸೆತೀಲ್‌ನಂಥ ಊರುಗಳಲ್ಲಿ ಹೊಸ ಘಟಕಗಳು ಹುಟ್ಟಿದವು. ಇಂಗ್ಲಿಷಿನ ಬಳುವಳಿಯಾಗಿದ್ದ ನೌಕಾದಳಕ್ಕೆ ಫ್ರೆಂಚ್ ಆಡುವ ಜನರನ್ನು ತರುವುದು ಅದರ ಉದ್ದೇಶಗಳಲ್ಲಿ ಒಂದು. ಹೋಸ್ ರೈತನ ಮನೆ ಮುಟ್ಟಲು ಬಳಸಿದ ಉಪಾಯವನ್ನೇ ಅರವತ್ತು ವರ್ಷದ ಮೇಲೆ ಮತ್ತೊಂದು ಭಾಷೆಯ ಮನೆ ಮುಟ್ಟಲು ಬಳಸಿದರು. ಟೆಕಮ್ಸೆ ಈ ಏರಿಳಿತಗಳ ನಡುವೆ ಮುಚ್ಚದೆ ಉಳಿಯಿತು; 1981ರಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋದಾಗಲೂ ಘಟಕ ಚದುರಲಿಲ್ಲ.

ಆಮೇಲಿನ ಅಧ್ಯಾಯ ಮೇಲ್ನೋಟಕ್ಕೆ ಮೀಸಲು ಪಡೆಯ ಸುವರ್ಣಯುಗ, ನನ್ನ ದೃಷ್ಟಿಯಲ್ಲಿ ಅದರ ದಾರಿ ತಪ್ಪಿದ ಕಾಲ. 1996ರಿಂದ 1999ರ ನಡುವೆ ಕಿಂಗ್‌ಸ್ಟನ್ ವರ್ಗದ ಹನ್ನೆರಡು ಹಡಗುಗಳು ಬಂದವು. 55 ಮೀಟರ್ ಉದ್ದದ, ತೀರ ಕಾಯುವ, ಸಿಡಿಗುಂಡು ಹುಡುಕುವ ಸಾಧಾರಣ ಹಡಗುಗಳು. ಒಬ್ಬಿಬ್ಬರು ಕಾಯಂ ತಂತ್ರಜ್ಞರ ಹೊರತು ಇವನ್ನು ನಡೆಸಬೇಕಾದವರು ಮೀಸಲಿನವರೇ. ಕೆರಿಬಿಯನ್ ಸಮುದ್ರದಲ್ಲಿ ಮಾದಕ ವಸ್ತು ಸಾಗಣೆ ತಡೆಯುವ ಗಸ್ತಿನಿಂದ ಹಿಡಿದು ಆರ್ಕ್‌ಟಿಕ್‌ವರೆಗೆ ಈ ಹಡಗುಗಳು ತಮ್ಮ ಗಾತ್ರ ಮೀರಿ ದುಡಿದವು, ಅದರಲ್ಲಿ ಅನುಮಾನವಿಲ್ಲ. ತೊಡಕು ಇದ್ದದ್ದು ಬೇರೆ ಕಡೆ. ಕೆನಡಾದಲ್ಲಿ ಮೀಸಲು ಸೇವೆಗೆ ಎ, ಬಿ, ಸಿ ಎಂಬ ಮೂರು ದರ್ಜೆಗಳಿವೆ: ಸಂಜೆ-ವಾರಾಂತ್ಯದ್ದು ಎ, ದಡದಲ್ಲಿ ಪೂರ್ಣಾವಧಿಯದು ಬಿ, ಕಾರ್ಯಾಚರಣೆಯ ಪೂರ್ಣಾವಧಿಯದು ಸಿ. ತಿಂಗಳುಗಟ್ಟಲೆ ಕಡಲಿನಲ್ಲಿರುವ ಹಡಗನ್ನು ಎ ದರ್ಜೆಯ ಶಿಕ್ಷಕನೋ ವಿದ್ಯಾರ್ಥಿಯೋ ನಡೆಸಲಾರ. ಹಾಗಾಗಿ ವರ್ಷಗಟ್ಟಲೆ ಸಿ ದರ್ಜೆಯ ಗುತ್ತಿಗೆಯಲ್ಲಿ ದುಡಿಯುವ, ಹೆಸರಿಗಷ್ಟೇ ಮೀಸಲಿನವರಾದ ನಾವಿಕರ ಒಂದು ಬಳಗವೇ ಬೆಳೆಯಿತು. ಊರಿನ ಘಟಕದಲ್ಲಿ ಹೊಸಬರಿಗೆ ಕಲಿಸಬೇಕಾಗಿದ್ದ ಅನುಭವಸ್ಥರು ಹ್ಯಾಲಿಫ್ಯಾಕ್ಸಿನಲ್ಲೋ ಎಸ್ಕ್ವೈಮಾಲ್ಟಿನಲ್ಲೋ ಮನೆ ಮಾಡಿಕೊಂಡರು. ಹಡಗುಗಳನ್ನು ತುಂಬಿಸುವುದೇ ಘಟಕದ ಗುರಿಯಾದಾಗ ಘಟಕವೇ ಬರಿದಾಗುವುದು ಸಹಜ. ಕೊನೆಗೆ ನೌಕಾದಳ ಈ ಏರ್ಪಾಡನ್ನು ಬಿಟ್ಟು ಕಾಯಂ ಮತ್ತು ಮೀಸಲಿನವರನ್ನು ಒಂದೇ ಹಡಗಿನಲ್ಲಿ ಬೆರೆಸುವ ಪದ್ಧತಿಗೆ ಬಂತು. ಮೀಸಲಿನವರಲ್ಲಿ ಕೆಲವರಿಗೆ ಇದು ತಮ್ಮ ಹಡಗುಗಳನ್ನು ಕಿತ್ತುಕೊಂಡಂತೆ ಕಂಡಿತು. ಆ ನೋವು ಅರ್ಥವಾಗುವಂಥದೇ, ಆದರೆ ನಿರ್ಧಾರ ಸರಿಯಾದದ್ದು.

ಹಾಗಾದರೆ ಘಟಕದ ಸರಿಯಾದ ಕೆಲಸ ಯಾವುದು? ಈಗ ನಡೆಯುತ್ತಿರುವುದನ್ನೇ ನೋಡಿ. ಬಂದರು ತಪಾಸಣೆಯ ಮುಳುಗುಗಾರರು, ಸಣ್ಣ ದೋಣಿಗಳನ್ನು ನಡೆಸುವವರು, ರೇಡಿಯೊ ಸಂಪರ್ಕದವರು, ವಿದೇಶದ ಬಂದರಿನಲ್ಲಿ ನಿಂತ ಹಡಗನ್ನು ಕಾಯುವ ನೌಕಾ ಭದ್ರತಾ ತಂಡದವರು, ಇವರಲ್ಲಿ ದೊಡ್ಡ ಪಾಲು ಮೀಸಲಿನವರು. ಇವೆಲ್ಲ ಬಿಡಿಬಿಡಿಯಾಗಿ ಕಲಿಯಬಹುದಾದ, ಅಭ್ಯಾಸದಿಂದ ಉಳಿಸಿಕೊಳ್ಳಬಹುದಾದ, ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ಮಾತ್ರ ಬೇಕಾಗುವ ಕೆಲಸಗಳು. 1997ರಲ್ಲಿ ಮ್ಯಾನಿಟೋಬಾದ ರೆಡ್ ನದಿ ಉಕ್ಕಿ ಹರಿದಾಗ ದೋಣಿ ನಡೆಸಬಲ್ಲ ಜನ ಬೇಕಾದದ್ದು ಕಡಲಿನಿಂದ ಬಲು ದೂರದಲ್ಲಿ. ಸರ್ಕಾರವೇ ತುರ್ತು ಎಂದು ಕರೆಯದ ಹೊರತು ಕಾರ್ಯಾಚರಣೆಗೆ ಹೋಗುವುದು ಬಿಡುವುದು ಮೀಸಲಿನವರ ಇಚ್ಛೆ. ಹಾಗಾಗಿ ಇಂಥವರ ಮೇಲೆ ನೌಕಾದಳ ಪೂರ್ತಿ ಭರವಸೆ ಇಡಲಾಗದು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅದಕ್ಕೆ ಪರಿಹಾರ ಎಷ್ಟು ಜನ ಬೇಕೋ ಅದಕ್ಕಿಂತ ಹೆಚ್ಚು ಜನರಿಗೆ ಕಲಿಸಿಡುವುದು. ಹತ್ತು ಮಂದಿಯಲ್ಲಿ ಮೂವರು ಹೊರಟರೆ ಸಾಕು ಎಂಬ ಲೆಕ್ಕದಲ್ಲಿ. ಇರುವ ಮೂವರನ್ನೇ ಮತ್ತೆ ಮತ್ತೆ ಕಳಿಸುವ ಅಭ್ಯಾಸ ಕಿಂಗ್‌ಸ್ಟನ್ ಹಡಗುಗಳ ಕಾಲದಲ್ಲಿ ಏನು ಮಾಡಿತು ಎಂದು ನೋಡಿಯಾಗಿದೆ.

ಕಡೆಯ ಪ್ರಶ್ನೆ, ಇದೆಲ್ಲ ಕರಾವಳಿಯಲ್ಲೇ ಏಕೆ ನಡೆಯಬಾರದು ಎಂಬುದು. ಕ್ಯಾಲ್ಗರಿಯ ಕಟ್ಟಡಕ್ಕೆ ಹಿಮಗಾಲದ ಹೀಟರಿನ ಖರ್ಚು ಬೇರೆ, ಕಲಿಯುವವರನ್ನು ವಿಮಾನದಲ್ಲಿ ಸಮುದ್ರಕ್ಕೆ ಒಯ್ಯುವ ಖರ್ಚು ಬೇರೆ. ಉತ್ತರ ಜನಸಂಖ್ಯೆಯಲ್ಲಿದೆ. ಜನ ಇರುವುದೂ ಹೊಸದಾಗಿ ಬಂದು ಸೇರುತ್ತಿರುವುದೂ ಒಳನಾಡಿನ ದೊಡ್ಡ ನಗರಗಳಲ್ಲಿ; ಕ್ಯಾಲ್ಗರಿ, ಎಡ್ಮಂಟನ್, ಟೊರಾಂಟೊ ಸುತ್ತಮುತ್ತ. ಕೆಲಸವೋ ಓದೋ ಬಿಟ್ಟು ಹ್ಯಾಲಿಫ್ಯಾಕ್ಸಿಗೆ ಹೋಗಲಾರದವನನ್ನು ನೌಕಾದಳ ಮುಟ್ಟಬೇಕೆಂದರೆ ಅವನ ಬಸ್ಸಿನ ದಾರಿಯಲ್ಲೇ ಬಾಗಿಲು ತೆರೆಯಬೇಕು. ಪೌರತ್ವ ಪಡೆದವರಿಗೆ ಸೀಮಿತವಾಗಿದ್ದ ಸೈನ್ಯ ಸೇರ್ಪಡೆಯನ್ನು 2022ರ ನವೆಂಬರಿನಲ್ಲಿ ಕೆನಡಾ ಕಾಯಂ ನಿವಾಸಿಗಳಿಗೂ ತೆರೆದದ್ದು ಆಳಿನ ಕೊರತೆಯಿಂದಲೇ. ಟೊರಾಂಟೊ ಸುತ್ತಿನ ಊರುಗಳಲ್ಲೂ ಆಲ್ಬರ್ಟಾದಲ್ಲೂ ಕನ್ನಡ ಸಂಘ ಕಟ್ಟಿಕೊಂಡು ಬಾಳುತ್ತಿರುವ ನಮ್ಮವರ ಮಕ್ಕಳಿಗೂ ಆ ಬಾಗಿಲು ಈಗ ತೆರೆದಿದೆ. ಕಡಲು ಕಾಣದ ಊರಿನಿಂದ ಕಡಲಿನ ಕೆಲಸ ಮಾಡುವುದು ನಮಗೂ ಹೊಸದಲ್ಲ: ನಮ್ಮ ಯುದ್ಧನೌಕೆಗಳ ಎಷ್ಟೋ ರೇಡಾರುಗಳು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನ ಕೈಕೆಲಸ. ಕೆನಡಾದಲ್ಲಿ ಈಗಿನ ಅಡ್ಡಿ ದೂರದ್ದಲ್ಲ, ಅರ್ಜಿ ಹಾಕಿದವರನ್ನು ಭದ್ರತಾ ತಪಾಸಣೆ, ವೈದ್ಯಕೀಯ ಪರೀಕ್ಷೆಗಳ ನಡುವೆ ತಿಂಗಳುಗಟ್ಟಲೆ ಕಾಯಿಸುವ ಕಡತಗಳದ್ದು. ಹತ್ತೊಂಬತ್ತರ ಹುಡುಗಿ ಅಷ್ಟು ಕಾಲ ಕಾಯುವುದಿಲ್ಲ, ಇನ್ನೊಂದು ಕೆಲಸ ಹಿಡಿಯುತ್ತಾಳೆ. ಹೋಸ್‌ಗೆ ಐವತ್ತು ಜನರ ಅರೆ ಕಂಪನಿ ಕಟ್ಟಲು ಹಣ ಕಡಿಮೆಯಿತ್ತು, ಬರುವವರು ಇದ್ದರು. ಈಗಿನವರು ಮೊದಲು ಸರಿಪಡಿಸಬೇಕಾದದ್ದು ಈ ಕಾಯುವಿಕೆಯನ್ನು.